ಮತ್ತೆ ಮತ್ತೆ ತೆರೆಯುವ ಅಡುಗೆ ಪುಸ್ತಕ ಯಾವುದು?

ಧಾರವಾಡದಿಂದ ಮಂಗಳೂರಿಗೆ ಬಂದು ಎರಡು ವರ್ಷವಾಯಿತು. ಕರಾವಳಿಯ ಅಡುಗೆ ಕಲಿಯೋಣವೆಂದು ಆರು ಪುಸ್ತಕ ಕೊಂಡೆ. ಚಿತ್ರಗಳು ಚೆಂದವಾಗಿವೆ, ಆದರೆ ಒಂದನ್ನೂ ಎರಡನೆಯ ಸಲ ತೆರೆದಿಲ್ಲ. ನೀರು ದೋಸೆಗೆ 'ಎರಡು ಲೋಟ ಅಕ್ಕಿ' ಎಂದಷ್ಟೇ ಬರೆದಿತ್ತು. ಅಂಗಡಿಯವರು "ಕುಚ್ಚಿಲೋ, ಬೆಳ್ತಿಗೆಯೋ?" ಎಂದಾಗ ಸುಮ್ಮನೆ ನಿಂತೆ. ನಿಮ್ಮ ಅಡುಗೆಮನೆಯಲ್ಲಿ ನಿಜಕ್ಕೂ ಬಳಕೆಯಾಗುವ ಪುಸ್ತಕ ಯಾವುದು? ಅನುಭವ ಹೇಳುವಿರಾ?

ಉಡುಪಿಯಿಂದ:

ಮೊದಲು ಅಕ್ಕಿಯ ಸಂಗತಿ. ನೀರು ದೋಸೆಗೆ ಬೆಳ್ತಿಗೆ, ಅಂದರೆ ಬಿಳಿಯ ಹಸಿ ಅಕ್ಕಿ. ಗಂಜಿಗೆ ಕುಚ್ಚಿಲು, ಅಂದರೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ. ಅಂಗಡಿಯಲ್ಲಿ ಇನ್ನು ಧೈರ್ಯವಾಗಿ ಹೇಳಿ.

ನಮ್ಮಲ್ಲಿ ಬೆನ್ನುಕಟ್ಟು ಕಿತ್ತುಹೋದ ಪುಸ್ತಕವೆಂದರೆ 'ರಸಚಂದ್ರಿಕಾ'. ಮುಂಬಯಿಯ ಸಾರಸ್ವತ ಮಹಿಳಾ ಸಮಾಜದವರು ಹೊರತಂದದ್ದು. ಮೂಲ ಮರಾಠಿ, ನನ್ನಲ್ಲಿರುವುದು ಇಂಗ್ಲಿಷ್ ಅನುವಾದ. ಮನೆಮದ್ದು, ಹಬ್ಬಹರಿದಿನದ ವಿವರಗಳೂ ಇವೆ. ಮದುವೆಯಾದ ಹೊಸದರಲ್ಲಿ ಓದಿದಾಗ ಎಲ್ಲವೂ ಒಂದೇ ಥರ ಕಂಡಿತ್ತು. ತೆಂಗಿನಕಾಯಿ, ಹುರಿದ ಮೆಣಸು, ಹುಣಸೆ ರುಬ್ಬು, ಬೆಂದ ಬೇಳೆಗೋ ಕಾಳಿಗೋ ಸೇರಿಸು. ಮುಂದಿನ ಪುಟದಲ್ಲೂ ಅದೇ. ಇದಕ್ಕೇಕೆ ಇಷ್ಟೊಂದು ಹೆಸರು ಎಂದು ಅತ್ತೆಯನ್ನು ಕೇಳಿದೆ. ಅವರು ಪುಸ್ತಕದತ್ತ ನೋಡಲೂ ಇಲ್ಲ. ಒಗ್ಗರಣೆ ಸೌಟು ಎತ್ತಿ ತೋರಿಸಿ, "ಇದನ್ನು ನೋಡು" ಎಂದರು. ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವವರೆಗೆ ಹುರಿದು ಸುರಿದರೆ ಕೊದ್ದೆಲ್. ಸಣ್ಣಗೆ ಹೆಚ್ಚಿದ ಈರುಳ್ಳಿಯಾದರೆ ಅಂಬಟ್. ಸಾಸಿವೆ, ಕರಿಬೇವು ಬಿದ್ದರೆ ಘಶ್ಶಿ. ಅಂದಿನಿಂದ ನಾನು ಪಾಕವನ್ನು ಕೊನೆಯ ಸಾಲಿನಿಂದ ಓದುತ್ತೇನೆ. ಯಾವುದೇ ಪುಸ್ತಕವಾಗಲಿ, ಒಗ್ಗರಣೆಯ ಸಾಲು ಅಸಡ್ಡೆಯಾಗಿದ್ದರೆ ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ.

ಇನ್ನೊಂದು, ಪುಸ್ತಕದಲ್ಲಿ ಪೆನ್ಸಿಲ್ ಇಟ್ಟುಕೊಳ್ಳಿ. ಒಂದು ಆಟಿ ತಿಂಗಳಲ್ಲಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಲ್ಲಿ, ನೆಂಟರು ಬಂದಿದ್ದಾಗ, ಹುಳಿ ಹೆಚ್ಚಾದೀತೆಂದು ಕೆಸುವಿನ ಎಲೆಯ ಪತ್ರೊಡೆಗೆ ಹುಣಸೆ ಕಡಿಮೆ ಹಾಕಿದೆ. ಮೊದಲ ತುತ್ತಿಗೇ ಎಲ್ಲರೂ ಗಂಟಲು ಕೆರೆದುಕೊಳ್ಳತೊಡಗಿದರು. ಕೆಸುವಿನ ಎಲೆಯ ತುರಿಕೆಯನ್ನು ಅಡಗಿಸುವುದೇ ಆ ಹುಳಿ. ರುಚಿಗೆ ತಕ್ಕಷ್ಟು ಎಂದು ಹಾಕುವ ಪದಾರ್ಥವಲ್ಲ ಅದು. ಆ ಪುಟದ ಅಂಚಿನಲ್ಲಿ ನಾನು ಬರೆದದ್ದು ಇಷ್ಟೇ: 'ಹುಣಸೆಗೆ ಕೈ ಹಿಡಿಯಬೇಡ. ಭಾವನವರು ಮೂರು ಲೋಟ ಮಜ್ಜಿಗೆ ಕುಡಿದರು.'

ಮಂಗಳೂರು, ಬೆಂದೂರಿನಿಂದ:

ನಮ್ಮದು ಕ್ರೈಸ್ತರ ಮನೆ. ಐಸಿಡೋರ್ ಕೊಯೆಲ್ಹೊ ಅವರ 'ದ ಚೆಫ್' ನಮ್ಮಮ್ಮನಿಂದ ನನಗೆ ಬಂತು. ದಿನದ ಅಡುಗೆಗೆ ತೆರೆಯುವುದಿಲ್ಲ, ಕೈಗೆ ಅಭ್ಯಾಸವಿದೆ. ಡಿಸೆಂಬರಿನಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು ಮಾಡುವಾಗ ಮಾತ್ರ ತಪ್ಪದೆ ಕೆಳಗಿಳಿಯುತ್ತದೆ. ವರ್ಷಕ್ಕೊಮ್ಮೆ ಮಾಡುವ ನೆವ್ರಿಯ (ಕರ್ಜಿಕಾಯಿಯಂಥ ಸಿಹಿ) ಅಳತೆ ಯಾರ ತಲೆಯಲ್ಲಿ ನಿಲ್ಲುತ್ತದೆ? ಅಮ್ಮ ಮೇಣದ ಬತ್ತಿಯ ಬೆಳಕಿನಲ್ಲಿ ಓದಿದ್ದಕ್ಕೆ ಸಾಕ್ಷಿಯಾಗಿ ಒಂದು ಪುಟದಲ್ಲಿ ಮೇಣದ ಹನಿ ಇದೆ. ಬಫಾತ್ ಎಂಬ ನಮ್ಮ ಮಸಾಲೆ ಪುಡಿಗೆ ಮಾತ್ರ ಪುಸ್ತಕ ಬೇಡ. ಬೇಸಗೆಯಲ್ಲಿ ಬ್ಯಾಡಗಿ ಮೆಣಸು ಒಣಗಿಸುವ ಮನೆ ಯಾವುದೆಂದು ನೋಡಿಕೊಂಡು ಅಲ್ಲಿಗೆ ಹೋಗಿ ಕುಳಿತುಕೊಳ್ಳಿ.

ಕುಂದಾಪುರದ ಕಡೆಯವಳು, ಈಗ ಮಣಿಪಾಲ:

ಸಾಂಬಾರು, ರಸಕ್ಕಾದರೆ ಎಸ್. ಮೀನಾಕ್ಷಿ ಅಮ್ಮಾಳ್ ಅವರ 'ಸಮೈತ್ತುಪ್ಪಾರ್'. 1951ರಲ್ಲಿ ತಮಿಳಿನಲ್ಲಿ ಬಂದ ಪುಸ್ತಕ, ಇಂಗ್ಲಿಷಿನಲ್ಲಿಯೂ ಸಿಗುತ್ತದೆ. ಅಡುಗೆ ಏನೂ ಬಾರದವರಿಗೂ ನಡೆಯುತ್ತದೆ. ನಮ್ಮ ಕಡೆಯ ಅಡುಗೆ ಮಾತ್ರ ಅದರಲ್ಲಿ ಹುಡುಕಬೇಡಿ.

ಉಡುಪಿ, ರಥಬೀದಿಯ ಹತ್ತಿರದಿಂದ:

ನನ್ನ ಮಾತು ಸ್ವಲ್ಪ ಬೇರೆ. ಅಚ್ಚಾದ ಪುಸ್ತಕಗಳು ನನ್ನಲ್ಲಿಯೂ ಇವೆ. ಆದರೆ ಚಾತುರ್ಮಾಸ್ಯ ಬಂತೆಂದರೆ ಅತ್ತೆಯವರ ಹಳೆಯ ಡೈರಿಯೇ ಗತಿ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಹುಣಸೆ, ಮೆಣಸಿನಕಾಯಿಯೂ ಇಲ್ಲ. ಆಮೇಲೆ ಮೊಸರಿಲ್ಲದ ತಿಂಗಳು, ಹಾಲಿಲ್ಲದ ತಿಂಗಳು, ಕೊನೆಗೆ ಬೇಳೆಕಾಳು ಇಲ್ಲದ ದ್ವಿದಳ ವ್ರತ. 'ಇದು ಸಿಗದಿದ್ದರೆ ಅದನ್ನು ಹಾಕಿ' ಎನ್ನುವ ಪುಸ್ತಕ ಈ ನಾಲ್ಕು ತಿಂಗಳಲ್ಲಿ ನಮ್ಮ ಮನೆಯೊಳಗೆ ಕಾಲಿಡುವಂತಿಲ್ಲ! ಶಾಕವ್ರತದಲ್ಲಿ ಹೆಸರುಬೇಳೆ, ಕಾಳುಮೆಣಸು, ಜೀರಿಗೆ, ತೆಂಗಿನಕಾಯಿಯಲ್ಲೇ ದಿನಕ್ಕೊಂದು ಬಗೆ ಹೇಗೆ ಮಾಡುವುದೆಂದು ಅತ್ತೆ ನೀಲಿ ಶಾಯಿಯಲ್ಲಿ ಬರೆದಿಟ್ಟಿದ್ದಾರೆ. ಅಳತೆಯೆಲ್ಲ ಕುಡ್ತೆ ಎಂಬ ಅಳತೆಯ ಪಾತ್ರೆಯಲ್ಲಿ. ಅವರು ತೀರಿಕೊಂಡ ಮೇಲೆ ಅಟ್ಟದ ಮೇಲೆ ಆ ಕುಡ್ತೆ ಸಿಕ್ಕಿತು, ನೀರು ತುಂಬಿ ಅಳೆದೆ. ನಮ್ಮ ಕಾಫಿ ಲೋಟ ಒಂದು, ಮೇಲೆ ಎರಡು ಚಮಚ. ಅಲ್ಲಿಯವರೆಗೆ ನನ್ನ ಪಾಯಸ ಏಕೆ ಗಟ್ಟಿಯಾಗುತ್ತಿತ್ತೆಂದು ಆಗ ಗೊತ್ತಾಯಿತು. ನಿಮ್ಮ ಅಕ್ಕಪಕ್ಕದ ಮನೆಯಲ್ಲಿಯೂ ಇಂಥ ಡೈರಿ ಇದ್ದೇ ಇರುತ್ತದೆ, ಕೇಳಿ ನೋಡಿ. ಪುಸ್ತಕ ಕೊಡದಿದ್ದರೂ ಓದಿ ಹೇಳುತ್ತಾರೆ.

ಕೇಳಿದವಳು:

ಎಲ್ಲರಿಗೂ ಧನ್ಯವಾದ. ಭಾನುವಾರ ಸೌತೆಕಾಯಿ ಹಾಕಿ ಕೊದ್ದೆಲ್ ಮಾಡಿದೆ. ಬೆಳ್ಳುಳ್ಳಿ ಕೆಂಪಾಗುವ ಮೊದಲೇ ಗಾಬರಿಯಾಗಿ ಸುರಿದುಬಿಟ್ಟೆ, ಹಸಿ ವಾಸನೆ ಉಳಿಯಿತು. ಉಡುಪಿಯ ಅಕ್ಕ, ಕೆಂಪು ಎಂದರೆ ಎಷ್ಟು ಕೆಂಪು? ಪೆನ್ಸಿಲ್ ತೆಗೆದಿಟ್ಟುಕೊಂಡಿದ್ದೇನೆ.

ಉಡುಪಿಯಿಂದ:

ಹುರಿದ ಗೋಡಂಬಿಯ ಬಣ್ಣ ಬಂದಾಗ ಒಲೆ ಆರಿಸಿ. ಕಾದ ಎಣ್ಣೆಯಲ್ಲಿ ಅದು ಇನ್ನಷ್ಟು ಕೆಂಪಾಗುತ್ತದೆ. ಆಗ ಸುರಿದು, ತಕ್ಷಣ ಮುಚ್ಚಳ ಮುಚ್ಚಿ.