ಕೊಳ್ಳುವವನಿಗೆ ಮಾತ್ರ ದಂಡ: ಐರ್ಲೆಂಡ್ ಕಾನೂನು ನಿಜಕ್ಕೂ ಹೆಂಗಸರ ಪರವಾ?

ಡಬ್ಲಿನ್_ಮಳೆ:
ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ಬಂತು. ಇಲ್ಲಿ 2017ರಿಂದ ದುಡ್ಡು ಕೊಟ್ಟು ಸೆಕ್ಸ್ ಕೊಳ್ಳುವವನು ಅಪರಾಧಿ, ಮೊದಲ ಸಲ ಸಿಕ್ಕಿಬಿದ್ದರೆ 500 ಯೂರೋವರೆಗೆ ದಂಡ, ಮಾರುವವರ ಮೇಲೆ ಕೇಸಿಲ್ಲ. 1999ರಲ್ಲಿ ಸ್ವೀಡನ್ ಶುರು ಮಾಡಿದ ದಾರಿ ಇದು. ನನಗಂತೂ ಸರಿ ಅನ್ನಿಸಿತು. ಗಿರಾಕಿಯೇ ಇಲ್ಲದಿದ್ದರೆ ಹುಡುಗಿಯರನ್ನು ಸಾಗಿಸುವವರು ಯಾಕೆ ಬರುತ್ತಾರೆ? ಆದರೆ ಎದುರಿಗಿದ್ದ ಐರಿಶ್ ಹೆಂಗಸು "ಅದೆಲ್ಲ ಕಾಗದದ ಮೇಲೆ" ಅಂದು ತಟ್ಟೆ ಎತ್ತಿಕೊಂಡು ಹೋದರು. ಯಾಕಿರಬಹುದು?

ಕರಿಕೋಟು:
2019ರ ಕೇಸ್ ಅವರ ತಲೆಯಲ್ಲಿ ಇದ್ದಿರಬೇಕು. ಐರ್ಲೆಂಡಿನ ಕಿಲ್ಡೇರ್‌ನಲ್ಲಿ ರೊಮೇನಿಯಾದ ಇಬ್ಬರು ಯುವತಿಯರಿಗೆ 9 ತಿಂಗಳು ಜೈಲಾಯಿತು, ಒಬ್ಬಾಕೆ ಬಸುರಿ. ಒಬ್ಬಳೇ ಇದ್ದರೆ ತಪ್ಪಲ್ಲ, ಧೈರ್ಯಕ್ಕೆ ಅಂತ ಇಬ್ಬರು ಒಂದೇ ಮನೆಯಲ್ಲಿ ದಂಧೆ ಮಾಡಿದರೆ ಆ ಮನೆ ವೇಶ್ಯಾಗೃಹ, ಅದನ್ನು ನಡೆಸುವುದು ಅಪರಾಧ! ಆ ಅಪರಾಧದ ಶಿಕ್ಷೆಯನ್ನು ಏರಿಸಿದ್ದೂ ಇದೇ 2017ರ ಕಾಯ್ದೆ. ನಗಬೇಡಿ, ನಮ್ಮ ಭಾರತದ 1956ರ ಪಿಟಾ (ಅನೈತಿಕ ವ್ಯವಹಾರ ತಡೆ) ಕಾಯ್ದೆಯಲ್ಲೂ ಇಬ್ಬರು ಹೆಂಗಸರು ಲಾಭ ಹಂಚಿಕೊಂಡ ಜಾಗ ವೇಶ್ಯಾಗೃಹವೇ. ತಾಯಿಯ ಸಂಪಾದನೆಯಲ್ಲಿ ಬದುಕುವ 18 ದಾಟಿದ ಮಗನನ್ನೂ ಒಳಗೆ ಹಾಕಬಹುದು. ಇನ್ನು ಗಿರಾಕಿ? ಅವನ ಮೇಲಿನ ಕೇಸುಗಳನ್ನು ಕರ್ನಾಟಕ ಹೈಕೋರ್ಟ್ ರದ್ದು ಮಾಡಿದೆ, 2025ರಲ್ಲಿ ಕೇರಳ ಹೈಕೋರ್ಟ್ ಅವನ ಮೇಲೂ ಕೇಸ್ ನಡೆಯಬಹುದು ಅಂದಿತು.

ಬೆಲ್ಲದಚ್ಚು:
ಅದು ಮನೆ ಹಂಚಿಕೊಂಡವರ ಮೇಲಿನ ಕಾನೂನಿನ ತಪ್ಪು, ಗಿರಾಕಿಯ ದಂಡದ ತಪ್ಪಲ್ಲ. ಎರಡನ್ನೂ ಕಲಸಬೇಡಿ. ಫ್ರಾನ್ಸ್‌ನ ಇಂಥದೇ ಕಾನೂನಿನ ವಿರುದ್ಧ 261 ಮಂದಿ ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೆ ಹೋದರು, 2024ರಲ್ಲಿ ಸೋತರು. ನಮ್ಮಲ್ಲೂ 2006ರಲ್ಲಿ ಮಸೂದೆ ಬಂದಿತ್ತು. ಬೀದಿಯಲ್ಲಿ ಕರೆಯುವ ಹೆಂಗಸನ್ನು ಹಿಡಿಯುವ ಪಿಟಾದ 8ನೇ ಸೆಕ್ಷನ್ ತೆಗೆದು, ಗಿರಾಕಿಗೆ ಶಿಕ್ಷೆ ಕೊಡುವುದು. ಬಿದ್ದುಹೋಯಿತು. ಗಂಡಸರಿಗೆ ಬಿಸಿ ತಟ್ಟುತ್ತದೆ ಅಂದರೆ ಹಾಗೇ ಅಲ್ವಾ.

ಹಳೇ_ಬಸ್‌ಸ್ಟ್ಯಾಂಡ್:
ಎಚ್‌ಐವಿ ತಡೆ ಕೆಲಸದಲ್ಲಿ ಆರು ವರ್ಷ ಇದ್ದೆ, ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಪೊಲೀಸರು ಜಾಸ್ತಿ ಓಡಾಡಿದ ದಿನ ಗಿರಾಕಿ ನಿಂತು ಮಾತಾಡುವುದಿಲ್ಲ, "ಬೇಗ ಆಟೋ ಹತ್ತು" ಅನ್ನುತ್ತಾನೆ. ಅವನು ಕುಡಿದಿದ್ದಾನಾ, ಜೊತೆಗೆ ಇನ್ಯಾರಿದ್ದಾರೆ, ಕಾಂಡೋಮ್‌ಗೆ ಒಪ್ಪುತ್ತಾನಾ ಅಂತ ಅಳೆಯುವುದಕ್ಕೆ ಅವಳಿಗೆ ಸಿಗುವುದೇ ಆ ಎರಡು ನಿಮಿಷ, ಅದೂ ಹೋಯಿತು. ಹೆದರಿಕೆ ಅವನಿಗೆ, ಏಟು ಇವಳಿಗೆ. ಮನೆ ಬಾಡಿಗೆ ಅಂತೂ ನಿಲ್ಲುವುದಿಲ್ಲ, ಗಿರಾಕಿ ಕಡಿಮೆಯಾದರೆ ರೇಟು ಇಳಿಸುತ್ತಾಳೆ, ಇಲ್ಲವೇ ಬೇಡ ಅನ್ನಬೇಕಾದವನಿಗೂ ಹೂಂ ಅನ್ನುತ್ತಾಳೆ. ನ್ಯೂಜಿಲೆಂಡ್‌ನ 2003ರ ಕಾಯ್ದೆಯಲ್ಲಿ ಕೊಳ್ಳುವುದು, ಮಾರುವುದು ಎರಡೂ ಅಪರಾಧವಲ್ಲ, ನಾಲ್ಕು ಜನರವರೆಗೆ ಒಟ್ಟಿಗೆ ಲೈಸೆನ್ಸ್ ಇಲ್ಲದೆ ಕೆಲಸ ಮಾಡಬಹುದು. ನನಗೆ ಅದೇ ವಾಸಿ.

ಬೆಲ್ಲದಚ್ಚು:
ನಿಮ್ಮ ಎರಡು ನಿಮಿಷದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಹದಿನೇಳರ ಹುಡುಗಿಗೆ ಹತ್ತೊಂಬತ್ತು ಅಂತ ಹೇಳಿಸಿ ಕೂರಿಸಿದಾಗ ವಯಸ್ಸು ಕೇಳದೆ ದುಡ್ಡು ಎಣಿಸುವ ಗಿರಾಕಿಯನ್ನು ಸುಮ್ನೆ ಬಿಡಿ ಅಂದರೆ ನಾನು ಒಪ್ಪಲಾರೆ.

ಡಬ್ಲಿನ್_ಮಳೆ:
ಇಬ್ಬರು ಒಂದೇ ಮನೆಯಲ್ಲಿದ್ದರೆ ಜೈಲು ಅನ್ನುವುದು ಗೊತ್ತೇ ಇರಲಿಲ್ಲ. ಆ ಹೆಂಗಸು ಎದ್ದು ಹೋದದ್ದು ಯಾಕೆ ಅಂತ ಈಗ ಅರ್ಥವಾಯಿತು.