ರೋವ್ ಬೀಟಲ್: ‘ಅಲೆಮಾರಿ’ಯೋ ‘ತುಂಡೊರೆ’ಯೋ?

ಪ್ರಶ್ನೆ (ಮಂಡ್ಯ)

ನಾಲೆ ಬಯಲಿನ ಭತ್ತದ ಬೆಳೆಗಾರರಿಗೆ ಹಂಚುವ ಕರಪತ್ರವೊಂದರ ಕರಡು ತಿದ್ದುತ್ತಿದ್ದೇವೆ. ಪೀಡರಸ್ ಫ್ಯೂಸಿಪೆಸ್ ಎಂಬ ಹುಳುವಿಗೆ (ಇಂಗ್ಲಿಷಿನಲ್ಲಿ ರೋವ್ ಬೀಟಲ್) ಅದರಲ್ಲಿ ಒಂದು ಕಡೆ ‘ಅಲೆಮಾರಿ ಜೀರುಂಡೆ’, ಇನ್ನೊಂದು ಕಡೆ ‘ನೈರೋಬಿ ನೊಣ’, ಚಿತ್ರದ ಕೆಳಗೆ ‘ಆಸಿಡ್ ಹುಳು’ ಎಂದಿದೆ. ಯಾವುದನ್ನು ಉಳಿಸುವುದು? ಎಲಿಟ್ರಾ (ಹಿಂರೆಕ್ಕೆಯನ್ನು ಮುಚ್ಚುವ ಗಟ್ಟಿಯಾದ ಮುಂದಿನ ಜೋಡಿ ರೆಕ್ಕೆ) ಎಂಬುದಕ್ಕೆ ‘ಮುಂರೆಕ್ಕೆ’ ಸಾಕೇ? ‘ಜಾತಿ’ ಎಂದರೆ ಜೀನಸ್ಸೋ ಸ್ಪೀಶೀಸೋ?

ಉತ್ತರ (ಮೈಸೂರು)

ಮೂರನ್ನೂ ಬಿಡಿ. ‘ನೈರೋಬಿ ನೊಣ’ ಎಂಬುದು 2022ರ ಜುಲೈನಲ್ಲಿ ಸಿಕ್ಕಿಮ್‌ನ ವಿದ್ಯಾರ್ಥಿಗಳ ಚರ್ಮ ಸುಟ್ಟಂತಾದ ಸುದ್ದಿಯ ಜೊತೆ ನಮ್ಮಲ್ಲಿಗೂ ಬಂತು. ಪೂರ್ವ ಆಫ್ರಿಕದಲ್ಲಿ ಆ ಹೆಸರಿರುವುದು ಪೀಡರಸ್ ಎಕ್ಸಿಮಿಯಸ್, ಪೀಡರಸ್ ಸಬೇಯಸ್ ಎಂಬ ಬೇರೆ ಪ್ರಭೇದಗಳಿಗೆ. ನೊಣವಂತೂ ಅಲ್ಲವೇ ಅಲ್ಲ: ನೊಣಕ್ಕೆ ರೆಕ್ಕೆ ಎರಡು, ಇದಕ್ಕೆ ನಾಲ್ಕು. ‘ಆಸಿಡ್’ ಕೂಡ ತಪ್ಪು. ಚರ್ಮ ಸುಡುವ ಪೆಡೆರಿನ್ ಆಮ್ಲವಲ್ಲ, ಜೀವಕೋಶದಲ್ಲಿ ಪ್ರೋಟೀನ್ ತಯಾರಿಯನ್ನು ತಡೆಯುವ ವಿಷ. ‘ಜೀರುಂಡೆ’ ಎಂದರೆ ಮಲೆನಾಡಿನವರಿಗೆ ಮರದಲ್ಲಿ ಕೂತು ಜೀರ್ ಎನ್ನುವ ಹುಳುವೇ ನೆನಪಾಗುತ್ತದೆ. ಕಾವ್ಯದಲ್ಲಿ ಹೂವಿಗೆ ಮುತ್ತುವ ದುಂಬಿ ಬೇರೆಯಾದರೂ, ಕೃಷಿ ಬರಹದಲ್ಲಿ ಬೀಟಲ್‌ಗೆ ‘ದುಂಬಿ’ಯೇ ನೆಲೆಯಾಗಿದೆ. ಅದಿರಲಿ.

ಇನ್ನು ‘ಅಲೆಮಾರಿ’. ‘ಅಲೆಯುವುದು’ ಎಂಬರ್ಥದ ಇಂಗ್ಲಿಷಿನ ರೋವ್ ಪದವನ್ನು ಹಾಗೆಯೇ ಎತ್ತಿಟ್ಟದ್ದು. ಅಲೆಯದ ಹುಳು ಯಾವುದಿದೆ? ಗದ್ದೆಯಲ್ಲಿ ನಿಂತವನಿಗೆ ಇದರಿಂದ ಗುರುತೇನೂ ಸಿಗುವುದಿಲ್ಲ.

ಗುರುತು ಇರುವುದು ಎಲಿಟ್ರಾದಲ್ಲಿ. ಗ್ರೀಕಿನಲ್ಲಿ ಆ ಪದಕ್ಕೆ ಹೊದಿಕೆ, ಕವಚ ಎಂಬ ಅರ್ಥ. ದುಂಬಿಗಳ ಗಣದ ಹೆಸರು ಕೋಲಿಯಾಪ್ಟೆರಾದಲ್ಲೂ ‘ಕೋಲಿಯೋಸ್’ ಎಂದರೆ ಕತ್ತಿಯ ಒರೆ. ಕನ್ನಡದಲ್ಲಿ ‘ಒರೆ’ ಸಿದ್ಧವಾಗಿಯೇ ಇರುವಾಗ ‘ಮುಂರೆಕ್ಕೆ’ ಯಾಕೆ? ‘ಮುಂರೆಕ್ಕೆ’ ಸ್ಥಾನವನ್ನಷ್ಟೇ ಹೇಳುತ್ತದೆ. ‘ಒರೆರೆಕ್ಕೆ’ ಕೆಲಸವನ್ನೂ ಹೇಳುತ್ತದೆ. ಬಹುತೇಕ ದುಂಬಿಗಳಲ್ಲಿ ಒರೆ ಹೊಟ್ಟೆಯನ್ನು ಪೂರ್ತಿ ಮುಚ್ಚಿದರೆ, ರೋವ್ ಬೀಟಲ್‌ಗಳ ಸ್ಟ್ಯಾಫಿಲಿನಿಡೇ ಕುಟುಂಬದಲ್ಲಿ ಸಾಮಾನ್ಯವಾಗಿ ಬುಡದ ಭಾಗವನ್ನಷ್ಟೇ ಮುಚ್ಚಿ ಉಳಿದ ಖಂಡಗಳನ್ನು ಬಯಲಿಗೆ ಬಿಡುತ್ತದೆ. ಜರ್ಮನ್ನರು ಈ ಕುಟುಂಬಕ್ಕೆ ‘ಗಿಡ್ಡರೆಕ್ಕೆ’ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಆದರೆ ‘ಗಿಡ್ಡರೆಕ್ಕೆ’, ‘ಮೋಟುರೆಕ್ಕೆ’ ಎಂದರೆ ಹಾರಲಾರದ ಹುಳು ಎಂದುಕೊಳ್ಳುತ್ತಾರೆ. ಗಿಡ್ಡವಾಗಿರುವುದು ಒರೆ ಮಾತ್ರ. ಫ್ಯೂಸಿಪೆಸ್‌ನ ಹಿಂರೆಕ್ಕೆ ಉದ್ದವಾಗಿದ್ದು ಒರೆಯಡಿ ಮಡಚಿ ಕೂತಿರುತ್ತದೆ. ಅದಕ್ಕೇ ಅದು ರಾತ್ರಿ ಟ್ಯೂಬ್‌ಲೈಟಿಗೆ ಹಾರಿ ಬರುವುದು. ‘ಮೋಟೊರೆ’ ಎನ್ನಬಹುದಿತ್ತು, ಆದರೆ ಮಂಡ್ಯದಲ್ಲಿ ಅದು ಪಂಪ್‌ಸೆಟ್ಟಿನ ಮೋಟರಾಗಿಬಿಡುತ್ತದೆ. ‘ತುಂಡುಡುಗೆ’ಯ ಜಾಡಿನಲ್ಲಿ ‘ತುಂಡೊರೆ ದುಂಬಿ’ ನನ್ನ ಸೂಚನೆ.

‘ಜಾತಿ’ಯನ್ನು ಕೆಲವರು ಜೀನಸ್‌ಗೂ ಕೆಲವರು ಸ್ಪೀಶೀಸ್‌ಗೂ ಬಳಸಿ ಕೆಡಿಸಿದ್ದಾರೆ. ಫ್ಯಾಮಿಲಿ, ಜೀನಸ್, ಸ್ಪೀಶೀಸ್‌ಗೆ ಕ್ರಮವಾಗಿ ಕುಟುಂಬ, ಕುಲ, ಪ್ರಭೇದ ಎಂದರೆ ಗೊಂದಲವಿಲ್ಲ. ಪೀಡರಸ್ ಕುಲದ ಹೆಸರು ಕೀಟಶಾಸ್ತ್ರಜ್ಞ ಫಾಬ್ರಿಸಿಯಸ್ 1775ರಲ್ಲಿ ಇಟ್ಟದ್ದು, ಫ್ಯೂಸಿಪೆಸ್ ಪ್ರಭೇದದ್ದು ಕೀಟಶಾಸ್ತ್ರಜ್ಞ ಕರ್ಟಿಸ್ 1826ರಲ್ಲಿ ಇಟ್ಟದ್ದು. ಬರೆಯುವಾಗ ‘ಪೀಡರಸ್ ಫ್ಯೂಸಿಪೆಸ್ ಕರ್ಟಿಸ್, 1826’ ಎಂದು ಆವರಣವಿಲ್ಲದೆ ಬರೆಯಿರಿ, ಮೊದಲಿನಿಂದಲೂ ಅದು ಅದೇ ಕುಲದಲ್ಲಿದೆ. ಲಿನೀಯಸ್ ಸ್ಟ್ಯಾಫಿಲಿನಸ್ ಕುಲದಲ್ಲಿ ಹೆಸರಿಸಿದ ರೈಪೇರಿಯಸ್ ಎಂಬ ಇನ್ನೊಂದು ಪ್ರಭೇದ ಆಮೇಲೆ ಪೀಡರಸ್‌ಗೆ ಬಂದದ್ದರಿಂದ ಅದಕ್ಕೆ ‘(ಲಿನೀಯಸ್, 1758)’ ಎಂದು ಆವರಣ ಬೇಕು. ಅಂದಹಾಗೆ ‘ಪೀಡರಸ್’ಗೂ ನಮ್ಮ ‘ಪೀಡೆ’ಗೂ ನಂಟಿಲ್ಲ, ಕಂದು ಜಿಗಿಹುಳುವನ್ನು ತಿನ್ನುವ ಇದು ಭತ್ತಕ್ಕೆ ಮಿತ್ರಕೀಟ.

ಫ್ಯೂಸಿಪೆಸ್ ಎಂದರೆ ಲ್ಯಾಟಿನ್ನಿನಲ್ಲಿ ಮಬ್ಬುಗಂದು ಕಾಲಿನದು. ಇದನ್ನು ಅನುವಾದಿಸಬೇಡಿ. ಕಾಲಿನ ಬಣ್ಣ ನೋಡಿ ಪ್ರಭೇದ ಹೇಳಲಾಗದು. ಕಪ್ಪು ತಲೆ, ಕಿತ್ತಳೆ ಎದೆ, ನೀಲಿ-ಹಸಿರು ಮಿನುಗುವ ಒರೆ, ತುದಿಯಲ್ಲಿ ಮಾತ್ರ ಕಪ್ಪಾದ ಕಿತ್ತಳೆ ಹೊಟ್ಟೆ, 7 ಮಿ.ಮೀ. ಆಸುಪಾಸಿನ ಉದ್ದ: ಈ ವೇಷ ಭಾರತದ ಹಲವು ಪೀಡರಸ್‌ಗಳಿಗೆ ಸಮಾನ. 10 ಪಟ್ಟಿನ ಮಸೂರದಲ್ಲಿ ಪಾದದ ನಾಲ್ಕನೇ ಗೆಣ್ಣು ಎರಡು ಹಾಳೆಯಾಗಿ ಸೀಳಿದ್ದರೆ ಕುಲದ ಗುರುತಿಗೆ ಬಲ ಬಂತು. ಪ್ರಭೇದಕ್ಕೆ ಗಂಡೇ ಬೇಕು. ಹೊಟ್ಟೆಯ ಅಡಿಯ ಎಂಟನೇ ಫಲಕದಲ್ಲಿ ಆಳವಾದ ಸೀಳಿದ್ದರೆ ಗಂಡು. ಹೊಟ್ಟೆಯ ತುದಿಯನ್ನು ಬಿಡಿಸಿ, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಮೆದು ಮಾಡಿ, ನೀರಿನಲ್ಲಿ ತೊಳೆದು, ಗ್ಲಿಸರಿನ್ ಹನಿಯಲ್ಲಿ ಜನನಾಂಗದ ಆಕಾರ ನೋಡಬೇಕು. ದ್ರಾವಣದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಅಂಗ ಗಾಜಿನಂತಾಗಿ ಅಂಚೇ ಕಾಣುವುದಿಲ್ಲ. ಶೇ. 70ರ ಆಲ್ಕೋಹಾಲ್‌ನಲ್ಲಿ ಬಹುಕಾಲ ಇಟ್ಟ ಮಾದರಿಯ ಕಿತ್ತಳೆ ಬಣ್ಣ ಮಾಸಿರುತ್ತದೆ, ಅದನ್ನು ಹೊಸ ಬಣ್ಣವೆಂದು ಬರೆಯಬಾರದು. ನಿಮ್ಮ ಕೈಲಿರುವುದು ಫೋಟೊ ಮಾತ್ರವಾದರೆ ‘ಪೀಡರಸ್ ಕುಲದ ದುಂಬಿ’ ಎಂಬಲ್ಲಿಗೆ ನಿಲ್ಲಿಸುವುದೇ ಸರಿ.

ಕರಡಿನ ‘ಕಚ್ಚಿದರೆ’ ಎಂಬುದನ್ನೂ ತೆಗೆಯಿರಿ. ಇದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ; ಜಜ್ಜಿದಾಗ ಮೈರಸ ತಾಗುತ್ತದೆ. ಉರಿ ಒಂದೆರಡು ದಿನ ಬಿಟ್ಟು ಏಳುವುದರಿಂದ, ಗೆರೆಯಂತಿರುವ ಗುಳ್ಳೆ ನೋಡಿದವರು ‘ಸರ್ಪಸುತ್ತು’ ಎನ್ನುತ್ತಾರೆ. ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಬದಿಯಲ್ಲಿ ನರದ ಜಾಡು ಹಿಡಿಯುತ್ತದೆ. ಇದು ಕೈ ಒರೆಸಿದ ಜಾಡನ್ನು. ಮೊಣಕೈ ಮಡಿಕೆಯಲ್ಲಾದರೆ ಎದುರು ಚರ್ಮಕ್ಕೂ ಅದೇ ಆಕಾರ ಒತ್ತುತ್ತದೆ, ‘ಅಚ್ಚುಗಾಯ’ ಎನ್ನಬಹುದು.

ಚಿತ್ರದಡಿಯ ಸಾಲು ಹೀಗಿರಲಿ: ‘ತುಂಡೊರೆ ದುಂಬಿ (ಪೀಡರಸ್). ಗದ್ದೆಗೆ ಮಿತ್ರ. ಮೈಮೇಲೆ ಕೂತರೆ ಒರೆಸಬೇಡಿ, ಊದಿ ಬಿಡಿ. ಜಜ್ಜಿಹೋದರೆ ಕೂಡಲೇ ಸೋಪು ಹಾಕಿ ತೊಳೆಯಿರಿ.’