ತಾರ ಸಾ (ಮ್ಯಾಲಿನ ಸಪ್ತಕದ ಸಾ) ದಾಟಿದ್ರ ದನಿ ಒಡೀತೈತಿ, ಮುಂಜಾನೆ ಗಂಟಲ ಕಟ್ಟಿರ್ತೈತಿ. ರಿಯಾಜ್ (ಹಾಡೂ ಅಭ್ಯಾಸ) ಮಾಡ್ಲೋ ಬಿಡ್ಲೋ?

ನವನಗರ ಟೀಚರ್:
ಎಲ್ಲಾರಿಗೂ ನಮಸ್ಕಾರ್ರಿ. ನಾನು ಹುಬ್ಬಳ್ಳಿ ನವನಗರದಾಕಿ, ಪ್ರೈಮರಿ ಸಾಲಿ ಟೀಚರ್, ಹೋದ ವರ್ಷದಿಂದ ಸಂಜಿಮುಂದ ಹಿಂದೂಸ್ತಾನಿ ಗಾಯನ ಕಲಿಯಾಕ ಹೊಂಟೇನಿ. ಕ್ಲಾಸಿನ್ಯಾಗ ಹೆಣ್ಮಕ್ಕಳೇ ಜಾಸ್ತಿ, ಎಲ್ಲಾರೂ ಕೂಡಿ ಹಾರ್ಮೋನಿಯಂದ ಐದನೇ ಕರೀ ಮನಿ ಶ್ರುತಿ, ಅಂದ್ರ ಕಾಳಿ ಪಾಂಚ್‌ನ್ಯಾಗ ಹಾಡ್ತೀವಿ. ಭೂಪ, ಯಮನ್ ರಾಗ ಎರಡೂ ಮಧ್ಯ ಸಪ್ತಕದಾಗ ಚೊಲೋ ಬರ್ತಾವ, ತಾರ ಸಾ ದಾಟಿ ರಿಷಭ ಗಂಧಾರಕ್ಕ ಹೋದ ಕೂಡ್ಲೇ ಗಂಟಲ ಬಿಗಿದು ದನಿ ಒಡೀತೈತಿ. ಅದೂ ಅಲ್ದ ಈಗ ತಿಂಗಳ ಮ್ಯಾಲಾತು, ಮುಂಜಾನೆ ಏಳೂದ್ರಾಗ ದನಿ ಗೊಗ್ಗರಾಗಿರ್ತೈತಿ, ಮಧ್ಯಾಹ್ನದ ಹೊತ್ತಿಗೆ ಹಿಂದಿನ ಬೆಂಚಿನ ಮಕ್ಕಳಿಗೆ ಕೇಳೂದೇ ಇಲ್ಲ. ಜೊತಿಗೆ ಕಲಿಯೋರು ಗಟ್ಟಿ ಹಾಡಿ ಹಾಡೇ ದನಿ ತೆರೀಬೇಕು ಅಂತಾರ, ಮನ್ಯಾಗ ಅತ್ತಿ ಜೇಷ್ಠಮಧು ಬಾಯಾಗ ಇಟ್ಕೋ ಅಂತಾರ. ಕಛೇರಿ ಮಾಡೂ ಆಸೆ ನನಗಿಲ್ಲ, ಆದ್ರ ಹಾಡೂದನ್ನ ಬಿಡಾಕ ಮನಸ್ಸಿಲ್ಲ. ತಿಳಿದೋರು ಹೇಳ್ರಿ.

ಗದಗ ಪೇಟಿ:
ಅಕ್ಕಾರ, ಮೊದಲ ಆ ಕಾಳಿ ಪಾಂಚ್ ಇಳಿಸ್ರಿ. ನಾನು ಪೇಟಿ (ಹಾರ್ಮೋನಿಯಂ) ಬಾರಿಸಾಂವ, ಭಜನಿಯೊಳಗ ಕ್ಲಾಸಿನೊಳಗ ದಿನಾ ಇದನ್ನೇ ನೋಡ್ತೀನಿ, ಎಲ್ಲಾರಿಗೂ ಒಂದೇ ಶ್ರುತಿ ಹಿಡಿತಾರ, ಯಾರ ಗಂಟಲಿಗೆ ಕೂಡ್ತೈತೋ ಅವರು ಮುಂದ ಬರ್ತಾರ, ಉಳಿದೋರು ನನ್ನ ದನಿ ಚೊಲೋ ಇಲ್ಲ ಅಂತ ತಿಳ್ಕೊಂಡು ಬಿಟ್ಟುಬಿಡ್ತಾರ. ಕಾಳಿ ಪಾಂಚ್‌ನ ತಾರ ಸಾ ಅಂದ್ರ ಗಂಟಲಾಗಿನ ತಂತು ಸೆಕೆಂಡಿಗೆ ಸುಮಾರು 466 ಸಲ ಒಂದಕ್ಕೊಂದು ಬಡೀತಾವ, ಕಾಳಿ ಚಾರ್‌ನ್ಯಾಗ ಅದೇ ತಾರ ಸಾ 415. ಇಷ್ಟ ಫರಕ್ಕಿನೊಳಗ ಒಬ್ಬರ ದನಿ ಅರಳ್ತೈತಿ, ಇನ್ನೊಬ್ಬರದು ಒಡೀತೈತಿ. ನಿಮ್ಮ ಸಾ ಹುಡುಕೂದು ಹಿಂಗ: ಬೆಳಿಗ್ಗೆ ಅಲ್ಲ, ಸ್ವಲ್ಪ ಮಾತಾಡಿ ಗಂಟಲ ಬಿಟ್ಟ ಮ್ಯಾಲೆ ಕೂತು, ಕೆಳಗ ಮಂದ್ರ ಪಂಚಮ ದನಿ ಸತ್ತು ಹೋಗದಂಗ ಬರಬೇಕು, ಮ್ಯಾಲೆ ತಾರ ಮಧ್ಯಮ ಕುತ್ತಿಗಿ ನರ ಉಬ್ಬದಂಗ ಬರಬೇಕು, ಎರಡೂ ಸಿಗೋ ಜಾಗಾ ಯಾವುದೋ ಅದೇ ನಿಮ್ಮದು. ಕಾಳಿ ತೀನ್ ಬಂದ್ರೂ ನಾಚಿಕಿ ಬ್ಯಾಡ. ನಿಮ್ಮ ಊರಾಗೇ ಇದ್ದ ಗಂಗೂಬಾಯಿ ಹಾನಗಲ್ ಅವರ ರೆಕಾರ್ಡ್ ಕೇಳ್ರಿ, ಟಾನ್ಸಿಲ್ ಆಪರೇಶನ್ ಆದಮ್ಯಾಲೆ ದನಿ ದಪ್ಪಾತು, ಆ ದಪ್ಪ ದನಿಯೊಳಗ ಅವರು ಹಾಡಿದ್ದನ್ನ ಇವತ್ತಿಗೂ ಎಲ್ಲಾರೂ ಕೇಳ್ತಾರ.

ಕುಂದಗೋಳದಾಂವ:
ಶ್ರುತಿ ಮಾತು ಖರೆ. ಆದ್ರ ರಿಯಾಜ್ ಮಾತ್ರ ಬಿಡಬ್ಯಾಡ್ರಿ ಅಕ್ಕಾ. ದೊಡ್ಡ ಗಾಯಕ ಸವಾಯಿ ಗಂಧರ್ವರ ಊರಿನಾಂವ ನಾನು, ಹಳೇ ಮಂದಿ ಹೇಳೂದು ಒಂದೇ, ನಸುಕಿನ್ಯಾಗ ಎದ್ದು ಖರ್ಜ ಮಾಡಬೇಕು. ಮಂದ್ರ ಸಪ್ತಕದಾಗ ಒಂದೊಂದೇ ಸ್ವರ ಹಿಡಿದು, ಉಸಿರು ಹೊಟ್ಟಿಯಿಂದ ಬರಬೇಕು, ಭುಜ ಮ್ಯಾಲೆ ಏಳಬಾರ್ದು, "ಆ" ಅನ್ನೂ ಆಕಾರ ಪೂರ್ತಿ ಬಾಯಿ ತೆರೆದು, ತಂಬೂರಿಯೊಳಗ ಕರಗೂ ತನಕ ಹಿಡೀಬೇಕು. ಗಟ್ಟಿಯಾಗಿ ಅಲ್ಲ ಮತ್ತ, ಖರ್ಜ ಅಂದ್ರ ಗುಡುಗೂದು ಅಂತ ತಿಳ್ಕೊಂಡೋರು ಭಾಳ ಮಂದಿ ಅದಾರ, ಕೆಳಗಿನ ಸ್ವರ ಒತ್ತಿ ತೆಗೆದ್ರ ಅದೂ ಗಂಟಲ ಹಾಳ ಮಾಡ್ತೈತಿ. ಸ್ವಲ್ಪ ಗೊಗ್ಗರು ಇದ್ರೂ ಸಣ್ಣ ದನಿಯಾಗ ಮಾಡ್ಕೋತ ಹೋದ್ರ ತಾನೇ ಬಿಡ್ತೈತಿ.

ಧಾರವಾಡ ಸ್ಪೀಚ್ ಥೆರಪಿ:
ಕುಂದಗೋಳದ ಅಣ್ಣಾರ ಮಾತಿನೊಳಗ ಕಡೀದು ಒಂದಕ್ಕ ನಾ ಒಪ್ಪೂದಿಲ್ಲ, ಕ್ಷಮಿಸ್ರಿ. ಗೊಗ್ಗರು ದನಿ ಮೂರು ವಾರ ದಾಟಿದ್ರ ಅದು ರಿಯಾಜ್ ಮಾಡಿ ಬಿಡಿಸೂದಲ್ಲ, ಕಿವಿ ಮೂಗು ಗಂಟಲ ಡಾಕ್ಟರ್ ಕಡೆ ಹೋಗಿ ಸಣ್ಣ ಕ್ಯಾಮೆರಾ ಹಾಕಿ ತಂತು ನೋಡಿಸೂದು. ಟೀಚರ್ ಅಕ್ಕಾರದು ತಿಂಗಳ ಮ್ಯಾಲಾಗೇದ, ಈ ವಾರನೇ ಹೋಗ್ರಿ. ಟೀಚರ್‌ಗಳಿಗೆ, ಹಾಡೋರಿಗೆ ತಂತಿನ ಅಂಚಿನ್ಯಾಗ ಸಣ್ಣ ಗಂಟು ಬರ್ತಾವ, ಹೆಣ್ಮಕ್ಕಳಿಗೆ ಇನ್ನೂ ಜಾಸ್ತಿ, ಹೆಚ್ಚಿನವು ಥೆರಪಿಯಿಂದನೇ ಕಡಿಮಿ ಆಗ್ತಾವ, ಮೊದಲೇ ಆಪರೇಶನ್ ಅಂತ ಅಂಜಬ್ಯಾಡ್ರಿ. ಮುಂಜಾನೆ ಮಾತ್ರ ಜಾಸ್ತಿ ಗೊಗ್ಗರು ಇದ್ರ ಹೊಟ್ಟಿ ಆಸಿಡ್ ರಾತ್ರಿ ಮ್ಯಾಲೆ ಬರೂದೂ ಕಾರಣ ಇರಬಹುದು, ರಾತ್ರಿ ಊಟಕ್ಕೂ ಮಲಗೂದಕ್ಕೂ ಮೂರು ತಾಸು ಅಂತರ ಇಡ್ರಿ, ಸಂಜಿ ಮಿರ್ಚಿ ಸ್ವಲ್ಪ ದಿನ ಬ್ಯಾಡ.

ಇನ್ನ ಜೇಷ್ಠಮಧು. ಬಾಯಾಗ ಇಟ್ಟಿದ್ದು, ಕುಡಿದ ನೀರು, ಜೇನು, ಯಾವುದೂ ಸೀದಾ ತಂತಿನ ಮ್ಯಾಲೆ ಬೀಳೂದಿಲ್ಲ, ಬಿದ್ದಿದ್ರ ನೀವು ಕೆಮ್ಮತಿದ್ರಿ. ನೀರು ಮೈಯೆಲ್ಲಾ ತಿರುಗಿ ಆಮ್ಯಾಲೆ ಅಲ್ಲಿಗೆ ಪಸಿ ಕೊಡ್ತದ, ಅದಕ್ಕ ಹಾಡೂ ಹೊತ್ತಿಗೆ ಗಟಗಟ ಕುಡಿದ್ರ ಆಗೂದಿಲ್ಲ, ಮುಂಜಾನೆಯಿಂದ ಗುಟುಕು ಗುಟುಕು ಕುಡೀಬೇಕು. ಸೀದಾ ಮುಟ್ಟೂದು ಉಗಿ. ಬಿಪಿ ಇದ್ದೋರು ಜೇಷ್ಠಮಧು ದಿನಾ ತಿನ್ನಬಾರ್ದು, ಬಿಪಿ ಏರಸ್ತದ, ಅತ್ತಿಯವರಿಗೂ ಹೇಳ್ರಿ. ಪಿಸುಮಾತು ಗಂಟಲಿಗೆ ವಿಶ್ರಾಂತಿ ಅಂತ ತಿಳೀಬ್ಯಾಡ್ರಿ, ಭಾಳ ಮಂದಿ ಅದಕ್ಕೂ ಗಂಟಲ ಬಿಗಿ ಹಿಡೀತಾರ. ಮತ್ತ ಆ "ಖ್ಹಂ ಖ್ಹಂ" ಅಂತ ಗಂಟಲ ಕೆರೆಯೂದು, ಅದನ್ನ ಬಿಡ್ರಿ, ಒಂದ್ ಗುಟುಕು ನೀರು ನುಂಗ್ರಿ. ನಿಜ ಹೇಳಬೇಕಂದ್ರ ನಿಮ್ಮ ದನಿ ತಿನ್ನೂದು ಸಂಗೀತಕ್ಕಿಂತ ಜಾಸ್ತಿ ಸಾಲಿ. ಟೊಂಕಕ್ಕ ಕಟ್ಟೂ ಸಣ್ಣ ಮೈಕ್ ಸಿಗ್ತಾವ, ತಗೊಳ್ರಿ, ಐದು ತಾಸು ಒದರಿ ಬಂದ ಗಂಟಲಿಗೆ ಸಂಜಿ ತಾರ ಸಾ ಕೇಳೂದು ಅನ್ಯಾಯ.

ನವನಗರ ಟೀಚರ್:
ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರಿ, ನಾಳೆನೇ ಡಾಕ್ಟರ್ ಕಡೆ ಹೊಂಟೇನಿ. ಕಾಳಿ ಚಾರ್ ಹಚ್ಚಿ ನೋಡಿದೆ, ರಿಷಭ ಸರಳ ಬಂತು. ಗುರುಗಳಿಗೆ ಹೆಂಗ ಕೇಳೂದ್ರಿ, ಇಡೀ ಕ್ಲಾಸ್ ಶ್ರುತಿ ಬದಲಿಸ್ರಿ ಅನ್ನಾಕ ಸಂಕೋಚ. ಮತ್ತ ಸ್ಟ್ರಾ ಹಚ್ಚಿ ನೀರಾಗ ಊದಿದ್ರ ದನಿಗೆ ಚೊಲೋ ಅಂತಾರಲ್ಲ, ಖರೆ ಏನು?

ಗದಗ ಪೇಟಿ:
ಇಡೀ ಕ್ಲಾಸ್ ಬದಲಿಸೂದು ಬ್ಯಾಡ. ಪಾಠ ಆದಮ್ಯಾಲೆ ಒಬ್ಬರೇ ಉಳದು, "ಗುರುಗಳ, ನನ್ನ ಶ್ರುತಿ ಒಮ್ಮೆ ನೋಡ್ರಿ" ಅಂತ ಕೇಳ್ರಿ, ನೋಡಿದ್ರ ಅವರಿಗೇ ತಿಳೀತೈತಿ. ಅಲ್ಲೀತನ ಕ್ಲಾಸಿನ್ಯಾಗ ತಾರ ಸಪ್ತಕ ಬಂದಾಗ ಸುಮ್ಮ ತಾಳ ಹಾಕ್ರಿ, ಮನಿಯೊಳಗ ತಂಬೂರಿ ಆ್ಯಪ್ ಕಾಳಿ ಚಾರ್‌ಗೆ ಇಟ್ಕೊಂಡು ಅದೇ ಪಾಠ ಮಾಡ್ರಿ.

ಧಾರವಾಡ ಸ್ಪೀಚ್ ಥೆರಪಿ:
ಸ್ಟ್ರಾ ಖರೆ ಅದ. ಅರ್ಧ ಗ್ಲಾಸ್ ನೀರು, ಸ್ಟ್ರಾದ ತುದಿ ಎರಡು ಸೆಂಟಿಮೀಟರ್ ಮುಳುಗಿರಬೇಕು, ಬರೇ ಊದೂದಲ್ಲ, "ಊ" ಅಂತ ದನಿ ಹಚ್ಚಿ ಗುಳ್ಳಿ ಏಳಿಸಬೇಕು, ಹಂಗೇ ಮೆಲ್ಲಕ ಮ್ಯಾಲೆ ಕೆಳಗ ಜಾರಿಸ್ರಿ. ನೀರಿನ ಎದುರೊತ್ತಡ ತಂತುಗಳನ್ನ ಸ್ವಲ್ಪ ಅಗಲ ಇಡ್ತದ, ಬಡಿತ ಹಗುರ ಆಗ್ತದ. ಕುತ್ತಿಗಿ ನೋವು ಬಂದ್ರ ನಿಲ್ಲಸ್ರಿ. ಆದ್ರ ನಾಳೆ ಡಾಕ್ಟರ್ ತಂತು ನೋಡಿ ಏನಂತಾರ ಅದನ್ನ ಕೇಳಿ ಆಮ್ಯಾಲೆ ಶುರು ಮಾಡ್ರಿ, ಅಲ್ಲೀವರೆಗೂ ಖರ್ಜನೂ ಬ್ಯಾಡ.